ಆಳಂದದ ಹಳೆ ವಾಡೆಗೆ ವಾಪಸ್ ಹೋಗುವ ಮುಂಚೆ

ಪ್ರಶ್ನೆ: ನನಗೆ ಈಗ 61 ವರ್ಷ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ ಕಲ್ಲಿನ ವಾಡೆ, ಅಂದರೆ ದೊಡ್ಡ ಮನೆ, ಇದೆ. ಮಣ್ಣಿನ ಮಾಳಿಗೆ (ಚಾವಣಿ), ಸಾಗವಾನಿ ಕಂಬ. ಅವ್ವ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಬೀಗ ಹಾಕಿದೆ. ಈ ಸಲ ಎಳ್ಳಮಾವಾಸ್ಯೆಗೆ ಹೋದಾಗ ಅಲ್ಲೇ ಇದ್ದುಬಿಡೋಣ ಅನಿಸಿತು. ನಾವು ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ. ನಾಲ್ಕು ಎಕರೆ ಹೊಲ ಇದೆ. ಕೈಯಲ್ಲಿ 25 ಲಕ್ಷ ಇದೆ. ಹೆಂಡತಿಗೆ ಮೊಣಕಾಲು ನೋವು, ಅವಳಿಗೆ ಅಷ್ಟು ಮನಸ್ಸಿಲ್ಲ. ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕಿಸಿ ಅಂತ ಊರಿನ ಗೌಂಡಿ (ಗಾರೆ ಕೆಲಸದವನು) ಹೇಳುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಸ್ಲ್ಯಾಬ್ ಹಾಕಿಸಬೇಡಿ. ಗೌಂಡಿ ಈಗಾಗಲೇ ಅಡ್ವಾನ್ಸ್ ಕೇಳಿರಬಹುದು, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ. ಉಳಿದದ್ದು ನಿಧಾನವಾಗಿ ಮಾತಾಡೋಣ.

ಹೋಗಬಹುದೇ ಅಂತ ಕೇಳಿದ್ದೀರಿ. ಹೋಗಬಹುದು. ಆದರೆ ಇಡೀ ವಾಡೆಗೆ ಬೇಡ. ಮೂವತ್ತು ಜನ, ಎತ್ತು, ಎಮ್ಮೆ, ವರ್ಷದ ಕಾಳು ಎಲ್ಲ ಒಂದೇ ಹೆಬ್ಬಾಗಿಲ ಒಳಗೆ ಇರಲಿ ಅಂತ ಕಟ್ಟಿದ ಮನೆ ಅದು. ದಿನಾ ಕಸ ಗುಡಿಸುವವರು, ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಮಣ್ಣು ಹಾಕುವವರು, ಒಲೆ ಹೊತ್ತಿಸುವವರು ಮನೆಯಲ್ಲೇ ಇದ್ದರು. ಈಗ ಇರುವವರು ನೀವಿಬ್ಬರೇ. ಅದರಲ್ಲಿ ಎರಡು-ಮೂರು ಅಂಕಣ (ಕಂಬಗಳ ನಡುವಿನ ಜಾಗ) ಆರಿಸಿಕೊಳ್ಳಿ. ಅಷ್ಟನ್ನು 61ರ ನಿಮಗಲ್ಲ, 75ರ ನಿಮಗೆ ಹೊಂದುವ ಹಾಗೆ ಗಟ್ಟಿ ಮಾಡಿಸಿ. ಉಳಿದ ಭಾಗ ಬೀಳದ ಹಾಗೆ ನೋಡಿಕೊಂಡರೆ ಸಾಕು.

ಈಗ ಮಾಳಿಗೆ ವಿಷಯ. ಗೌಂಡಿಯ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪೋಣ. ಮಣ್ಣಿನ ಮಾಳಿಗೆ ಭಯಂಕರ ಭಾರ. 15 ಅಡಿ ಅಗಲ, 20 ಅಡಿ ಉದ್ದದ ಪಡಸಾಲೆ ಅಂದುಕೊಳ್ಳಿ. ಮೇಲೆ ಒಂದೂವರೆ ಅಡಿ ಮಣ್ಣು. ಅಂದರೆ 450 ಘನ ಅಡಿ. ಗಟ್ಟಿಯಾಗಿ ಕೂತ ಒಣ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕೆಜಿ ತೂಗುತ್ತದೆ. ಒಟ್ಟು 20 ಟನ್! ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ಅದೇ ಜಾಗಕ್ಕೆ ಐದು ಇಂಚಿನ ಸ್ಲ್ಯಾಬ್ ಹಾಕಿದರೆ ಒಂಬತ್ತು ಟನ್ ಒಳಗೆ ಮುಗಿಯುತ್ತದೆ. ಲೆಕ್ಕ ನೋಡಿದರೆ ಗೌಂಡಿಯೇ ಗೆದ್ದ.

ಆದರೆ ಆ ಭಾರ ಕೂರುವುದು ಎಲ್ಲಿ ಅನ್ನುವುದನ್ನು ಅವನು ನೋಡಿಲ್ಲ. ಚೆನ್ನಾಗಿ ಕಟ್ಟಿದ ವಾಡೆಯಲ್ಲಿ ಮಾಳಿಗೆಯ ಭಾರ ಜಂತಿಯಿಂದ (ಸಣ್ಣ ಅಡ್ಡ ಮರ) ತೊಲೆಗೆ (ದಪ್ಪ ಅಡ್ಡ ಮರ), ತೊಲೆಯಿಂದ ಕಂಬದ ತಲೆಯ ಮೇಲಿನ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ ಇಳಿಯುತ್ತದೆ. ಗೋಡೆಯ ಒಳಗೂ ಕಂಬ ಹುದುಗಿಸಿರುತ್ತಾರೆ. ಗೋಡೆ ಬರೀ ಮರೆಗೆ. ಸ್ಲ್ಯಾಬ್ ಹಾಕುವಾಗ ಗೌಂಡಿ ಏನು ಮಾಡುತ್ತಾನೆ? ಕಂಬ, ತೊಲೆ ಎಲ್ಲ ತೆಗೆದು ಸ್ಲ್ಯಾಬನ್ನು ನೇರ ಗೋಡೆ ಮೇಲೆ ಕೂರಿಸುತ್ತಾನೆ. ಈ ಗೋಡೆ ಎರಡು ಅಡಿ ದಪ್ಪ ಇದ್ದರೂ ಒಳಗೆ ಕಲ್ಲು ಹಿಡಿದಿರುವುದು ಮಣ್ಣು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರು ಕಲ್ಲು ಮತ್ತು ಕೆಸರು. ಇಷ್ಟು ದಿನ ಹೊರದ ಭಾರವನ್ನು ಈ ವಯಸ್ಸಿನಲ್ಲಿ ಅದರ ತಲೆ ಮೇಲೆ ಹೊರಿಸಬಾರದು.

ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಿಮಗೆ ಇಪ್ಪತ್ತೆಂಟರ ಆಸುಪಾಸು ಇರಬೇಕು. ಅಂದು ಭೂಕಂಪವಾದ ಮಹಾರಾಷ್ಟ್ರದ ಕಿಲ್ಲಾರಿ ಆಳಂದದಿಂದ ನೇರ ಉತ್ತರಕ್ಕೆ, ನಕ್ಷೆಯಲ್ಲಿ ಗೆರೆ ಎಳೆದರೆ 60 ಕಿ.ಮೀ. ಒಳಗೆ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಅಲ್ಲಿ ಸಾವಿರಾರು ಮಂದಿ ಸತ್ತದ್ದು ನಿಮ್ಮ ವಾಡೆಯಂಥದೇ ಮನೆಗಳ ಕೆಳಗೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ವರ್ಷ ವರ್ಷ ಹಾಕುತ್ತ ಹೋದ ಮಣ್ಣು. ಭೂಮಿ ನಡುಗಿದಾಗ ಗೋಡೆಯ ಎರಡು ಸಾಲು ಒಂದರಿಂದ ಒಂದು ಬಿಟ್ಟುಕೊಂಡವು, ಮಾಳಿಗೆ ಕೆಳಗೆ ಬಂತು. ಆದರೆ ಗೋಡೆ ಉರುಳಿದರೂ ಮರದ ಕಂಬ-ತೊಲೆಯ ಚೌಕಟ್ಟು ಹಾಗೇ ನಿಂತ ಮನೆಗಳೂ ಅಲ್ಲಿದ್ದವು. ಅದಕ್ಕೇ ನಿಮ್ಮ ಸಾಗವಾನಿ ಕಂಬಗಳನ್ನು ಕೀಳಬೇಡಿ ಅನ್ನುವುದು. ಇದೆಲ್ಲ ಮುಗಿದ ಕಥೆ ಅನ್ನುವ ಹಾಗೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿ, ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಭಾರ ಇಳಿಸಿ. ನೀವು ಇರುವ ಅಂಕಣಗಳ ಮೇಲಿನ ಮಣ್ಣನ್ನು ನಾಲ್ಕು ಇಂಚಿಗೆ ತನ್ನಿ. ಆಗ 20 ಟನ್ ಇದ್ದದ್ದು ನಾಲ್ಕೂವರೆ ಟನ್ ಆಗುತ್ತದೆ. ಮಣ್ಣನ್ನು ಒಂದು ಮೂಲೆಯಿಂದ ಶುರು ಮಾಡಿ ಪೂರ್ತಿ ತೆಗೆಯಬಾರದು. ಎರಡೂ ಕಡೆಯಿಂದ ಸಮವಾಗಿ, ತೆಳ್ಳಗೆ ತೆಳ್ಳಗೆ ಇಳಿಸಬೇಕು. ಕೆಳಗೆ ಯಾರೂ ನಿಲ್ಲಬಾರದು. ಮಣ್ಣು ಇಳಿದ ಮೇಲೆ ಜಂತಿ, ತೊಲೆ ಕಾಣುತ್ತವೆ. ಗೋಡೆಯೊಳಗೆ ಹೋಗಿರುವ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಾಗವಾನಿ ನಡುವೆ ಕಲ್ಲಿನ ಹಾಗೆ ಇರುತ್ತದೆ, ಕೊಳೆಯುವುದು ಈ ತುದಿಯಲ್ಲೇ. ಚುಚ್ಚಿದ್ದು ಒಳಗೆ ಇಳಿದರೆ ಆ ತೊಲೆಗೆ ಪಕ್ಕದಲ್ಲಿ ಕಂಬದ ಆಸರೆ ಕೊಡಿ, ಇಲ್ಲವೇ ಬದಲಿಸಿ. ಬಡಿಗೇರರಿಗೆ ಇದು ಗೊತ್ತಿರುವ ಕೆಲಸ. ಬೇರೆ ಮರ ಹುಡುಕಬೇಕಾಗಿಲ್ಲ. ನೀವು ಬಳಸದ ಅಂಕಣಗಳಲ್ಲೇ ಒಳ್ಳೆಯ ತೊಲೆ ಸಿಗುತ್ತವೆ. ಹಳೆ ಬಾಗಿಲು, ಕೆತ್ತನೆ ಕಂಬ ಕೊಳ್ಳುವ ವ್ಯಾಪಾರಿಗಳು ಬಂದಾರು. ರಿಪೇರಿ ಮುಗಿಯುವ ತನಕ ಒಂದು ತುಂಡೂ ಮಾರಬೇಡಿ.

ನಾಲ್ಕು ಇಂಚು ಮಣ್ಣು ಮಳೆ ತಡೆಯುತ್ತದಾ ಅಂತ ಕೇಳುತ್ತೀರಿ. ತಡೆಯುವುದಿಲ್ಲ. ಹಿಂದಿನವರು ಪ್ರತಿ ವರ್ಷ ಮಾಳಿಗೆಗೆ ಸವುಳು ಮಣ್ಣು ಹಾಕುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಆ ಉಪ್ಪಿನ ಮಣ್ಣು ನೀರು ಬಿದ್ದ ತಕ್ಷಣ ನುಣ್ಣಗೆ ಕರಗಿ ಸಂದುಗಳನ್ನು ಮುಚ್ಚಿಬಿಡುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ. ಒಳ್ಳೆಯ ಉಪಾಯ. ಆದರೆ ವರ್ಷಕ್ಕೊಂದು ಪದರ ಸೇರುತ್ತಲೇ ಹೋಗುತ್ತದೆ, ಹಾಕಲು ಆಳೂ ಬೇಕು. ನನ್ನ ಸಲಹೆ ಬೇರೆ. ಮಾಳಿಗೆಯಿಂದ ಎರಡು-ಮೂರು ಅಡಿ ಎತ್ತರದಲ್ಲಿ ತಗಡಿನ ಚಪ್ಪರ ಹಾಕಿಸಿ. ಅದರ ಕಬ್ಬಿಣದ ಕಂಬಗಳು ಗೋಡೆ ಮೇಲೆ ಕೂರಬಾರದು. ನೆಲದಿಂದಲೇ, ಸ್ವಂತ ಪಾಯದಿಂದ ಏಳಬೇಕು. ಬೋಲ್ಟ್ ಗಟ್ಟಿಯಾಗಿ ಹಾಕಿಸಿ, ಮೇ ತಿಂಗಳ ಗಾಳಿ-ಮಳೆಗೆ ತಗಡು ಹಾರಿಹೋಗುವುದು ನಿಮಗೆ ಹೊಸದಲ್ಲ. ಮೇಲೆ ತಗಡು, ನಡುವೆ ಗಾಳಿ, ಕೆಳಗೆ ತೆಳ್ಳನೆಯ ಮಣ್ಣು ಮತ್ತು ಹಲಗೆ. ಮಳೆ ತಗಡಿನ ಪಾಲು, ಬಿಸಿಲು ಗಾಳಿಯ ಪಾಲು. ಮಣ್ಣು ತೆಗೆದು ನೇರವಾಗಿ ತಗಡು ಮಾತ್ರ ಹಾಕಿದರೆ ಏಪ್ರಿಲ್‌ನಲ್ಲಿ ಮನೆಯೊಳಗೆ ರೊಟ್ಟಿ ಸುಡಬಹುದು. ಸ್ಲ್ಯಾಬ್ ಕೂಡ ಹಾಗೇ. ಹಗಲಿಡೀ 42, 43 ಡಿಗ್ರಿ ಕುಡಿದು ರಾತ್ರಿಯೆಲ್ಲ ಕಕ್ಕುತ್ತದೆ.

ಗೋಡೆಗೆ ಬರೋಣ. ದೂರ ನಿಂತು ಗೋಡೆಯ ಉದ್ದಕ್ಕೂ ಓರೆಯಾಗಿ ನೋಡಿ. ಎಲ್ಲಾದರೂ ಹೊಟ್ಟೆ ಬಿಟ್ಟಿದ್ದರೆ ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಬೇರೆ ದಾರಿ ಇಲ್ಲ. ನೆಟ್ಟಗಿರುವ ಕಡೆ ಎರಡು ಸಾಲು ಕಲ್ಲನ್ನು ಒಂದಕ್ಕೊಂದು ಹೆಣೆಯಬೇಕು. ಮೂರು-ನಾಲ್ಕು ಅಡಿಗೊಂದು ಕಡೆ, ಮೇಲೆ ಕೆಳಗೆ ಹೊಂದಿಸಿಕೊಂಡು, ಒಂದು ಕಲ್ಲು ಬಿಡಿಸಿ ಆಚೆಯಿಂದ ಈಚೆಗೆ ತೂತು ಮಾಡಿಸಿ. ಎರಡೂ ತುದಿ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿಸಿ. ಬಾಗಿಲು-ಕಿಟಕಿಯ ಮೇಲ್ಭಾಗದಲ್ಲಿ ಸುತ್ತಲೂ, ಒಳಗೂ ಹೊರಗೂ, ವೆಲ್ಡ್ ಮೆಶ್ (ಕಬ್ಬಿಣದ ತಂತಿಯ ಜಾಲರಿ) ಬಿಗಿದು ಅದರ ಮೇಲೆ ಮಾತ್ರ ಸಿಮೆಂಟಿನ ಪಟ್ಟಿ ಹಾಕಿಸಿ. ಮನೆಗೆ ಅದು ಬೆಲ್ಟ್ ಇದ್ದ ಹಾಗೆ. ಕಿಲ್ಲಾರಿಯ ನಂತರ ಗಟ್ಟಿ ಮಾಡಿದ ಮನೆಗಳಲ್ಲಿ ಬಳಸಿದ ವಿಧಾನಗಳೇ ಇವು, ಯಾವುದೇ ಸಿವಿಲ್ ಎಂಜಿನಿಯರ್‌ಗೆ ಗೊತ್ತಿರುತ್ತವೆ. ಕಲಬುರಗಿಯಿಂದ ಒಬ್ಬರನ್ನು ಒಂದು ದಿನದ ಮಟ್ಟಿಗೆ ಕರೆಸಿ, ಅವರ ಫೀ ಉಳಿಸಲು ಹೋಗಬೇಡಿ.

ಇಡೀ ಗೋಡೆಗೆ ಮಾತ್ರ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಬೇಡ. ಮಣ್ಣಿನಲ್ಲಿ ಕಟ್ಟಿದ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಮೈಯಿಂದ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಕೂತು ಮಣ್ಣು ಮೆತ್ತಗಾಗುತ್ತದೆ. ಎರಡು ವರ್ಷಕ್ಕೆ ಗಿಲಾವು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣದ ಗಾರೆ ಸಾಕು.

ತೇವದ ಮಾತು ಬಂದದ್ದಕ್ಕೆ ಇನ್ನೊಂದು. ನಿಮ್ಮ ಬಾಗಿಲ ಮುಂದಿನ ಸಿಸಿ ರಸ್ತೆ ನೋಡಿದ್ದೀರಾ? ನಮ್ಮ ಹಳ್ಳಿಗಳಲ್ಲಿ ಹಳೆಯ ರಸ್ತೆ ಕೀಳದೆ ಅದರ ಮೇಲೇ ಹೊಸ ಕಾಂಕ್ರೀಟ್ ಸುರಿಯುತ್ತಾರೆ. ಎಷ್ಟೋ ಹಳೆ ಮನೆಗಳ ಹೊಸ್ತಿಲು ಈಗ ರಸ್ತೆಗಿಂತ ಕೆಳಗಿದೆ. ಅಜ್ಜನ ಕಾಲದಲ್ಲಿ ಮನೆಯಿಂದ ಹೊರಗೆ ಹರಿಯುತ್ತಿದ್ದ ನೀರು ಈಗ ಒಳಗೆ ಬರುತ್ತದೆ. ಅದಕ್ಕೊಂದು ಗಟಾರ ಮಾಡಿಸದೆ ಏನು ರಿಪೇರಿ ಮಾಡಿಸಿದರೂ ವ್ಯರ್ಥ. ಎರೆಮಣ್ಣಿನ ಜಾಗವಾದರೆ ಇದು ಇನ್ನೂ ಮುಖ್ಯ. ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಪಾಯವನ್ನೇ ಅಲ್ಲಾಡಿಸುತ್ತದೆ.

ಮನೆಯೊಳಗೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ, ಇದೆಯಾ? ಆಳಂದದ ಕಡೆ ದೊಡ್ಡ ಮನೆಗಳಲ್ಲಿ ಇರುತ್ತದೆ. ಇದ್ದರೆ ದಯವಿಟ್ಟು ಯಾರೂ ಇಳಿಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ. ಇಳಿದವನನ್ನು ಎತ್ತಲು ಹೋದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ. ಬಾಯಿ ತೆಗೆದು ಕೆಲವು ದಿನ ಬಿಟ್ಟು, ಮೇಲಿನಿಂದಲೇ ಮೊರಂ ತುಂಬಿಸಿ ದಿಮ್ಮಿಸಿ. ಟೊಳ್ಳಿನ ಮೇಲೆ ಮಂಚ ಹಾಕಿಕೊಂಡು ಮಲಗುವುದು ಬೇಡ.

ಈಗ ದುಡ್ಡಿಗಿಂತ ಮುಂಚಿನ ಮಾತು. ಈ ವಾಡೆ ಯಾರದು? ನೀವು ಅಣ್ಣತಮ್ಮ, ತಂಗಿ ಅಂತ ಬರೆದಿದ್ದೀರಿ, ವಾಟ್ನಿ (ಆಸ್ತಿ ಪಾಲು) ಆಗಿದೆ ಅಂತ ಬರೆದಿಲ್ಲ. ಬಾಯಿ ಮಾತಿನಲ್ಲಿ ಆಗಿರಬಹುದು. ಅದು ಸಾಲದು. ಒಟ್ಟು ಮನೆತನದ ಆಸ್ತಿಗೆ ನೀವು 25 ಲಕ್ಷ ಸುರಿದರೆ ಆ ಬೆಲೆ ಎಲ್ಲರ ಪಾಲಿಗೂ ಸೇರುತ್ತದೆ. ಈಗ ಯಾರೂ ಕೇಳಲಿಕ್ಕಿಲ್ಲ. ಮನೆ ಹೊಳೆಯತೊಡಗಿದ ಮೇಲೆ ಕೇಳುತ್ತಾರೆ, ಅವರು ಕೇಳದಿದ್ದರೆ ಅವರ ಮಕ್ಕಳು ಕೇಳುತ್ತಾರೆ. ತಂಗಿಯನ್ನು ಮರೆಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಂದೆ ಆ ಹೊತ್ತಿಗೆ ಬದುಕಿರಬೇಕು ಅಂತೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೀರೆ-ಕುಪ್ಪಸ ಕೊಟ್ಟು ಆಯಿತು ಅನ್ನುವ ಕಾಲ ಇದಲ್ಲ, ಆಗಬಾರದು ಕೂಡ. ಮೂವರೂ ಕೂತು ಮಾತಾಡಿ, ವಾಟ್ನಿ ಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ನೋಂದಣಿ ಮಾಡಿಸಿ. ಆಮೇಲೆ ಪಂಚಾಯತಿಯಲ್ಲಿ ಇ-ಸ್ವತ್ತು ಮೂಲಕ ನಿಮ್ಮ ಪಾಲಿನ ಮನೆಗೆ ನಿಮ್ಮ ಹೆಸರಿನಲ್ಲಿ ನಮೂನೆ 9 ಮತ್ತು 11 (ಪಂಚಾಯತಿಯ ಆಸ್ತಿ ದಾಖಲೆ) ತೆಗೆಸಿ. ಗಾವಠಾಣದ, ಅಂದರೆ ಊರೊಳಗಿನ ವಸತಿ ಜಾಗದ, ಮನೆಗೆ ಪಹಣಿ ಇರುವುದಿಲ್ಲ, ಈ ಕಾಗದವೇ ಆಧಾರ. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಅಳತೆ ನಡೆದಿದ್ದರೆ ಅದರಲ್ಲಿ ಯಾರ ಹೆಸರಿದೆ, ಹಿತ್ತಲಿನ ಗಡಿ ಎಲ್ಲಿದೆ ಅನ್ನುವುದನ್ನೂ ನೋಡಿ. ಒಂಬತ್ತು ವರ್ಷ ಬೀಗ ಹಾಕಿದ ಮನೆಯ ಹಿತ್ತಲು ಪಕ್ಕದವರ ಬಣವೆಗೆ ಜಾಗವಾಗಿರುವುದು ಮಾಮೂಲು. ಈ ಕಾಗದ ಕೈಗೆ ಬರುವ ತನಕ ಒಂದು ಚೀಲ ಸಿಮೆಂಟನ್ನೂ ತರಬೇಡಿ.

ಹೊಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 61ಕ್ಕೆ ಒಕ್ಕಲುತನ ಕಲಿಯಲು ಹೋಗಬೇಡಿ. ಎಲ್ಲರೂ ಲಾವಣಿಗೆ (ಗೇಣಿಗೆ) ಕೊಡುತ್ತಾರೆ ನಿಜ, ಆದರೆ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ಸಾಮಾನ್ಯವಾಗಿ ಹೊಲ ಗೇಣಿಗೆ ಕೊಡಲು ಬಿಡುವುದಿಲ್ಲ. ವಕೀಲರನ್ನು ಕೇಳದೆ ಏನೂ ಬರೆದುಕೊಡಬೇಡಿ. ಆಳು ಇಟ್ಟು ತೊಗರಿ ಬೆಳೆಸಿ, ಮನೆಗೆ ಬೇಳೆ ಬಂದರೆ ಸಾಕು ಅಂದುಕೊಳ್ಳಿ.

ನಿಮ್ಮ ಹೆಂಡತಿಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ನೀವು ಆ ಊರಿಗೆ ಮಗನಾಗಿ ವಾಪಸ್ ಹೋಗುತ್ತೀರಿ, ಅವರು ಸೊಸೆಯಾಗಿ. ನಿಮಗೆ ಅಗಸಿ (ಊರ ಬಾಗಿಲ) ಕಟ್ಟೆ ಇದೆ, ಬಾಲ್ಯದ ಗೆಳೆಯರು ಇದ್ದಾರೆ. ಅವರಿಗೆ ಇರುವುದು ಅಡುಗೆ ಮನೆ, ಬಂದು ಹೋಗುವ ನೆಂಟರು, ಚಹಾ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡ ಅವರ ಬಳಗ, ವಾಕಿಂಗ್ ಗೆಳತಿಯರು ಎಲ್ಲ ಅಲ್ಲೇ ಉಳಿಯುತ್ತಾರೆ. ಕೆಲಸಕ್ಕೆ ಜನ ಸಿಗುತ್ತಾರೆ ಅಂದುಕೊಳ್ಳಬೇಡಿ. ದುಡಿಯುವವರು ಮುಂಬೈ, ಪುಣೆ, ಹೈದರಾಬಾದ್‌ಗೆ ಹೋಗಿದ್ದಾರೆ. ಇರುವವರು ತೊಗರಿ ರಾಶಿ ಹೊತ್ತಿನಲ್ಲಿ ಹೊಲಕ್ಕೆ ಹೋಗುತ್ತಾರೆ. ಆಗ ರೊಟ್ಟಿ ಬಡಿಯುವವರು ಯಾರು? ಇದನ್ನು ಅವರನ್ನೇ ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಒಪ್ಪಿದರೆ ಅಡುಗೆ ಮನೆ ಎಲ್ಲಿ, ಬಚ್ಚಲು ಎಲ್ಲಿ ಅನ್ನುವುದನ್ನು ಅವರೇ ತೀರ್ಮಾನಿಸಲಿ. ಬೆಂಗಳೂರಿನ ಮನೆಯನ್ನು ಮಾತ್ರ ಈಗಲೇ ಮಾರಬೇಡಿ. ಸ್ವಂತದ್ದಾದರೆ ಬಾಡಿಗೆಗೆ ಕೊಡಿ.

ಮೊಣಕಾಲು ನೋವಿರುವವರಿಗೆ ವಾಡೆ ಒಳ್ಳೆಯ ಜಾಗವಲ್ಲ. ಪ್ರತಿ ಬಾಗಿಲಿಗೆ ಎತ್ತರದ ಹೊಸ್ತಿಲು, ಪಡಸಾಲೆಗೆ ಒಂದು ಮೆಟ್ಟಿಲು, ಅಂಗಳಕ್ಕೆ ಇನ್ನೊಂದು, ಪಾಯಖಾನೆ ಹಿತ್ತಲಿನ ತುದಿಗೆ. ಆರಿಸಿಕೊಳ್ಳುವ ಅಂಕಣಗಳು ಒಂದೇ ಮಟ್ಟದಲ್ಲಿರಲಿ. ಮಲಗುವ ಕೋಣೆಗೆ ಅಂಟಿಕೊಂಡೇ ಕಮೋಡ್ ಇರುವ ಬಚ್ಚಲು ಕಟ್ಟಿಸಿ, ಹಿಡಿದುಕೊಳ್ಳಲು ಸ್ಟೀಲ್ ಸರಳು ಹಾಕಿಸಿ. ಬಚ್ಚಲಿಗೆ ಪಾಲಿಶ್ ಮಾಡದ ಶಹಾಬಾದ್ ಫರ್ಸಿ ಕಲ್ಲು ಹಾಕಿಸಿ, ಟೈಲ್ಸ್ ಬೇಡ. ನೀರಿನ ಟ್ಯಾಂಕನ್ನು ಮಾಳಿಗೆ ಮೇಲೆ ಇಡಬೇಡಿ. ಸಾವಿರ ಲೀಟರ್ ಅಂದರೆ ಒಂದು ಟನ್, ಈಗ ತಾನೇ ಇಳಿಸಿದ ಭಾರ. ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಬೋರ್ ನೀರನ್ನು ಕುಡಿಯುವ ಮುಂಚೆ ಫ್ಲೋರೈಡ್‌ಗೆ ಪರೀಕ್ಷೆ ಮಾಡಿಸಿ. ಹಳೆಯ ವೈರಿಂಗ್ ಪೂರ್ತಿ ತೆಗೆಸಿ. ಕಲ್ಲಿನ ಸಂದುಗಳನ್ನು ಮುಚ್ಚಿಸಿ, ಚೇಳು ಇರುವುದೇ ಅಲ್ಲಿ. ಹಾಸಿಗೆಯನ್ನು ಗೋಡೆಯಿಂದ ದೂರ ಇಡಿ, ಚಪ್ಪಲಿ ಕೊಡವಿ ಹಾಕಿಕೊಳ್ಳಿ. ನಿಮ್ಮ ಅವ್ವ ಹೇಳುತ್ತಿದ್ದದ್ದೇ ಇದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಹಾವಿನ ವಿಷಕ್ಕೆ ಮದ್ದು ಇಟ್ಟಿದ್ದಾರಾ, ಚೇಳು ಕಡಿದರೆ ಕೊಡುವ ಪ್ರಜೋಸಿನ್ ಮಾತ್ರೆ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ದೊಡ್ಡ ಕಾಯಿಲೆಗೆ ಕಲಬುರಗಿ ಈಗ ಮೊದಲಿನ ಹಾಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಆದರೆ ಆಳಂದದಿಂದ ಅಲ್ಲಿಗೆ ಸುಮಾರು 40 ಕಿ.ಮೀ., ನಿಮ್ಮ ಹಳ್ಳಿಯಿಂದ ಆಳಂದಕ್ಕೆ ಎಷ್ಟು? ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಗಾಡಿ ತೆಗೆಯುವವರು ಯಾರು ಅಂತ ಹೆಸರು ಹಿಡಿದು ಹೇಳಲು ಬರಬೇಕು. ಬಿಪಿ, ಶುಗರ್ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಬ್ಬರಲ್ಲಿ ಒಬ್ಬರಿಗಾದರೂ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುವ ಕಾಯಿಲೆ ಇದ್ದರೆ, ಕಲಬುರಗಿಯಲ್ಲೇ ಬಾಡಿಗೆ ಮನೆ ಮಾಡಿ ವಾಡೆಗೆ ಬಂದು ಹೋಗಿ ಅನ್ನುತ್ತೇನೆ. ಅದರಲ್ಲಿ ಸೋಲೇನೂ ಇಲ್ಲ.

25 ಲಕ್ಷದಲ್ಲಿ ಮೂರನೇ ಒಂದು ಭಾಗವನ್ನು ಮುಟ್ಟಬೇಡಿ, ಅದು ಆಸ್ಪತ್ರೆಗೆ. ಉಳಿದದ್ದರಲ್ಲಿ ಭಾರ ಇಳಿಸುವುದು, ಗೋಡೆ ಹೆಣೆಯುವುದು, ಚಪ್ಪರ, ಬಚ್ಚಲು, ವೈರಿಂಗ್, ಇದೇ ಕ್ರಮದಲ್ಲಿ ಮಾಡಿಸಿ. ಗೌಂಡಿ ಎಷ್ಟು ಹೇಳುತ್ತಾನೋ ಅದಕ್ಕೆ ಅರ್ಧ ಸೇರಿಸಿಕೊಳ್ಳಿ. ಹಳೆ ಗೋಡೆ ಬಿಚ್ಚುವ ತನಕ ಒಳಗೆ ಏನಿದೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಹೆಬ್ಬಾಗಿಲಿಗೆ ಪಾಲಿಶ್, ಅಂಗಳಕ್ಕೆ ತೂಗುಮಂಚ ಎಲ್ಲ ಕೊನೆಗೆ.

ಎಲ್ಲಕ್ಕೂ ಮುಂಚೆ ಒಂದು ಕೆಲಸ. ನೀವು ಊರು ನೋಡಿದ್ದು ಎಳ್ಳಮಾವಾಸ್ಯೆಗೆ. ಹೊಲ ಹಸಿರು, ಚಳಿಗಾಲದ ಬಿಸಿಲು, ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಎಲ್ಲಿಂದಲೋ ಬಂದ ನೆಂಟರು. ಆ ದಿನ ಯಾರಿಗೆ ಬೇಡ ಅನಿಸುತ್ತದೆ, ಅಲ್ವಾ? ಈಗ ಮೇ ತಿಂಗಳಲ್ಲಿ ಹೋಗಿ. ಇಬ್ಬರೂ ಹೋಗಿ, ಹದಿನೈದು ದಿನವಾದರೂ ಇರಿ. ವಾಡೆಯೊಳಗೆ ಮಲಗಬೇಡಿ, ಆ ಮಾಳಿಗೆಯ ಕೆಳಗೆ ಈಗ ಯಾರೂ ಮಲಗಬಾರದು. ಊರಲ್ಲೇ ಒಂದು ಕೋಣೆ ನೋಡಿಕೊಳ್ಳಿ. ನಲ್ಲಿ ನೀರು ಎಷ್ಟು ದಿನಕ್ಕೆ ಬರುತ್ತದೆ, ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಮಧ್ಯಾಹ್ನ ಕಳೆಯುವುದು ಹೇಗೆ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಸೆಪ್ಟೆಂಬರ್‌ನಲ್ಲಿ, ಜೋರು ಮಳೆ ಹಿಡಿದಾಗ, ಮತ್ತೊಮ್ಮೆ ಹೋಗಿ. ಗೋಡೆ ಎಲ್ಲಿ ನೆನೆಯುತ್ತದೆ, ರಸ್ತೆಯ ನೀರು ಎಲ್ಲಿಂದ ಒಳಗೆ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಎಂಜಿನಿಯರ್ ಬಂದಾಗ ಆ ಗುರುತುಗಳೇ ಅವರಿಗೆ ಅರ್ಧ ಕೆಲಸ.

ಅಷ್ಟರೊಳಗೆ ನನಗೆ ನಾಲ್ಕು ಫೋಟೋ ಕಳಿಸಿ: ತೊಲೆ ಗೋಡೆಗೆ ಸೇರುವ ಜಾಗ, ಗೋಡೆ ಬಿರುಕು ಬಿಟ್ಟ ಮೂಲೆ, ಹೊಸ್ತಿಲು ಮತ್ತು ರಸ್ತೆ ಒಟ್ಟಿಗೆ ಕಾಣುವ ಹಾಗೆ ಒಂದು, ಮಾಳಿಗೆಯ ಮಣ್ಣಿನ ದಪ್ಪ ಗೊತ್ತಾಗುವ ಹಾಗೆ ಟೇಪ್ ಹಿಡಿದು ಇನ್ನೊಂದು. ಮಾಳಿಗೆ ಹತ್ತುವುದಕ್ಕೆ ನೀವು ಹೋಗಬೇಡಿ, ಊರಿನ ಯಾರಾದರೂ ಹುಡುಗನಿಗೆ ಹೇಳಿ. ಅವನೂ ಗೋಡೆಯ ಅಂಚಿನಲ್ಲೇ ನಡೆಯಲಿ, ನಡುವೆ ಕಾಲಿಡುವುದು ಬೇಡ.